ನೀರು ನಿಲ್ಲುವ ಹೊತ್ತು

ಓಬನ್ ಬಂದರಿನ ಎದುರು, ಕರಿದ ಮೀನಿನ ಅಂಗಡಿಯ ಮೇಲಿನ
ನನ್ನ ಅಡುಗೆಮನೆಯಲ್ಲಿ
ಸಂಜೆ ನಾಲ್ಕೂವರೆಗೇ ದೀಪ ಹಾಕಿ
ಕಡಲ ನಕ್ಷೆ ಹಾಸಿದ್ದೇವೆ.
ಸುತ್ತಿಟ್ಟು ಸುತ್ತಿಟ್ಟು ರೂಢಿಯಾದ ಹಾಳೆ
ಬಿಟ್ಟರೆ ಸಾಕು, ಸುರುಳಿಗೆ ಹೊರಡುತ್ತದೆ.
ಮೂಲೆಗೊಂದು ಕಾವಲು:
ಎರಡು ಕಿಲೋ ಸೀಸ, ಉಪ್ಪಿನ ಡಬ್ಬಿ,
ಎಲ್ಸ್‌ಪೆತ್ ಆರಲು ಬಿಟ್ಟ ಚಹಾ,
ನಾಲ್ಕನೆಯದಕ್ಕೆ ನನ್ನ ಮೊಣಕೈ.

ಸೇಂಟ್ ಕಿಲ್ಡಾ ಇರುವುದು ಎಡದ ಅಂಚಿನಲ್ಲಿ,
ಇನ್ನೇನು ಕಾಗದದಿಂದ ಜಾರಿ
ಕುರ್ಚಿಯ ಮೇಲೆ ಬಿದ್ದೀತು ಎನ್ನುವಷ್ಟು ತುದಿಗೆ.
ಈ ನಕ್ಷೆಗಳಲ್ಲಿ ನೀಲಿ ಎಂದರೆ ಆಳವಲ್ಲ,
ಆಳ ಬಿಳಿ.
ಅದು ತಿಳಿಯಲು ನನಗೆ ಒಂದು ಚಳಿಗಾಲ ಹಿಡಿಯಿತು.

ಪಟ್ಟಿಯ ನೆತ್ತಿಗೆ, ನಮ್ಮವರು ಶ್ರೀಕಾರ ಬರೆಯುವ ಜಾಗದಲ್ಲಿ,
ಒತ್ತಡದ ಕೋಣೆಯ ಆಸ್ಪತ್ರೆ ನಂಬರು.
ಆಮೇಲೆ ಉಳಿದದ್ದು:
ಸಿಲಿಂಡರ್ ಇಪ್ಪತ್ತನಾಲ್ಕು,
ಡ್ರೈಸೂಟಿನ ಜಿಪ್ಪಿಗೆ ಮೇಣ,
ಫಿನ್‌ಲೇಗೆ ಶೇಂಗಾ ಮುಟ್ಟಿಸಬಾರದು,
ಗೊರಕೆಯವರು ಎಂಜಿನ್ ಪಕ್ಕ ಮಲಗತಕ್ಕದ್ದು
(ಗೊರಕೆಯವರು ಯಾರೆಂದು ಯಾರೂ ಒಪ್ಪಿಲ್ಲ).
ಮಲಗುವ ಹಲಗೆ ಹನ್ನೆರಡು, ಹೆಸರು ಹನ್ನೊಂದು.
ಕೊನೆಯ ಸಾಲಿನಲ್ಲಿ ಎಲ್ಸ್‌ಪೆತ್
ಪೆನ್ಸಿಲಿನಿಂದ 'ಗಾಳಿ' ಎಂದು ಬರೆದಳು.
ಮೂವತ್ತು ವರ್ಷ ಬಸ್ಸು ಓಡಿಸಿದವಳು;
ಹೊತ್ತಿಗೆ ಸರಿಯಾಗಿ ಬಾರದ ಸಮುದ್ರವನ್ನು
ಇನ್ನೂ ಕ್ಷಮಿಸಿಲ್ಲ.

ದೋಣಿಯ ರೂರಿಗೆ ಫೋನು ಹಚ್ಚಿದೆವು.
ಮೇ ಇಪ್ಪತ್ತಾರಕ್ಕೆ ಹೊರಡಬಹುದೆ?
ನೋಡೋಣ, ಎಂದ.
ಎರಡು ಉಬ್ಬರದ ನಡುವೆ ನೀರು ನಿಂತ ಇಪ್ಪತ್ತು ನಿಮಿಷ
ಬಂಡೆಯ ಬುಡದಲ್ಲಿ ಇಳಿಸುತ್ತೀಯಾ?
ನೋಡೋಣ.
ಪಫಿನ್‌ಗಳು ಆಗ ಗೂಡಲ್ಲಿರುತ್ತವೆಯೆ?
ಅದನ್ನು ಅವನ್ನೇ ಕೇಳಬೇಕು, ಎಂದು ನಕ್ಕ.

ನಮ್ಮ ಕಡೆ 'ನೋಡೋಣ' ಎಂಬುದು
'ಇಲ್ಲ' ಎಂಬುದಕ್ಕೆ ಉಡಿಸಿದ ಇಸ್ತ್ರಿಯ ಅಂಗಿ.
ನನ್ನ ನೋಡಲು ಬಂದು ಅವಲಕ್ಕಿ ತಿಂದವರು,
ಅಪ್ಪ ಕೈಗಡ ಕೇಳಿದವರು,
ಎಲ್ಲರೂ ನೋಡೋಣ ಎಂದೇ
ಚಪ್ಪಲಿ ಮೆಟ್ಟಿ ನಡೆದರು.
ಒಬ್ಬ ಮಾವ ಮಾತ್ರ, ರೋಣದ ಹೊಲದ ಬಾವಿಗೆ ಕರೆದೊಯ್ದು,
ಬೆನ್ನಿಗೆ ಎರಡು ಸೋರೆಬುರುಡೆ ಬಿಗಿದು,
'ಹುಡುಗಿಗ್ಯಾಕ ಈಜು' ಎಂದವರ ಎದುರೇ
ನನ್ನ ನೂಕಿದ.
ಗೋಡೆಯ ಪೊಟರೆಗಳಿಂದ ಪಾರಿವಾಳ
ಒಮ್ಮೆಲೇ ಎದ್ದು ಆಕಾಶದ ಬಿಲ್ಲೆಯ ಮುಚ್ಚಿದವು.
ಕಿವಿಯೊಳಗೆ ನೀರು,
ಅದರಾಚೆ ಮಾವನ ಕೂಗು:
ಬುರುಡಿ ಮುಳುಗಾಂಗಿಲ್ಲ, ಕಣ್ಣ ತಗೀ.

ಮುಳುಗದಿರಲೆಂದು ಆಗ ಬುರುಡೆ ಕಟ್ಟಿದರು;
ಈಗ ಮುಳುಗಲೆಂದು
ನಾನೇ ಸೊಂಟಕ್ಕೆ ಸೀಸ ಕಟ್ಟುತ್ತೇನೆ,
ಅದಕ್ಕೆ ದುಡ್ಡು ಕೊಡುತ್ತೇನೆ,
ಔಷಧಿ ಅಂಗಡಿಯಲ್ಲಿ ಹೆಚ್ಚುವರಿ ಶನಿವಾರ ದುಡಿದು.
ಮಾವನಿಗೆ ಹೇಳಿದರೆ ನಗುತ್ತಿದ್ದ.
ಬಾವಿಗೂ ಆಳ ಎಷ್ಟೆಂದು ಅವನು ಎಂದೂ ಹೇಳಲಿಲ್ಲ.

ಎಲ್ಸ್‌ಪೆತ್ ಒಮ್ಮೆ ಹೋಗಿ ಬಂದವಳು.
ಕೆಳಗೆ, ಹದಿನೆಂಟು ಮೀಟರಿನಲ್ಲಿ, ಸೀಲೊಂದು
ಅವಳ ಕಾಲಿನ ರೆಕ್ಕೆ ಕಚ್ಚಿ ಎಳೆದು
ತಿರುಗಿ ನೋಡಿದಾಗ
ತಾನಲ್ಲ ಎಂಬಂತೆ ಮುಖ ಮಾಡಿತಂತೆ.
ಗ್ಯಾನೆಟ್ ಹಕ್ಕಿ ಮೇಲಿಂದ ಬೀಳುವುದನ್ನು
ನೀರ ಅಡಿಯಿಂದ ಕಂಡಳಂತೆ:
ಬಿಳಿ ಮೊಳೆಯೊಂದು, ಹಿಂದೆ ಗುಳ್ಳೆಗಳ ದಾರ,
ಆಮೇಲೆ ಸದ್ದು.
ಅಷ್ಟು ಹೇಳಿ ಸುಮ್ಮನಾದಳು.
ಮತ್ತೆ ಕೇಳಿದರೆ, ಬಿಲ್ಲುಗಳ ಬಗ್ಗೆ ಮಾತಾಡಿದಳು.

ಪಡುವಣ ಗಾಳಿ ಎದ್ದರೆ ಏನು ಮಾಡುವುದೆಂದು
ಎರಡನೆಯ ಪಟ್ಟಿ ಬರೆದೆವು.
ಅದರಲ್ಲಿ ಹತ್ತಿರದ ಕೊಲ್ಲಿ, ಮುಳುಗಿದ ಹಡಗು,
ಒಳ್ಳೆಯ ಸೂಪಿನ ಅಂಗಡಿ.
ಅದನ್ನು ಯಾರೂ ಎರಡು ಸಲ ಓದಲಿಲ್ಲ.

ಕೋಟು ತೊಡುತ್ತ ಬಾಗಿಲಲ್ಲಿ ಕೇಳಿದಳು:
ಈ ಸಲ ಮುಟ್ಟುತ್ತೇವಾ?
ಅವಳ ಭಾಷೆಯಲ್ಲಿ ಉತ್ತರ ಹುಡುಕಿದೆ,
ಬಾಯಿಗೆ ಬಂದದ್ದು ನನ್ನದು:
ನೋಡೋಣ.
ಹಾಗೆಂದರೇನು ಎಂದಳು.
ಕಣ್ಣ ಮುಂದೆ ಎರಡು ಬೆರಳು ಹಿಡಿದು,
ನೀರಿನೊಳಗೆ ಜೊತೆಗಾರರಿಗೆ ಮಾಡುವಂತೆ,
ಮೊದಲು ನನ್ನ ಕಣ್ಣು, ಆಮೇಲೆ ಅತ್ತ
ತೋರಿಸಿದೆ.

ಅಷ್ಟರಲ್ಲಿ ಮೊಣಕೈ ಎದ್ದ ಮೂಲೆಯಿಂದ
ನಕ್ಷೆ ಮೆಲ್ಲಗೆ ಸುತ್ತಿಕೊಂಡು
ದ್ವೀಪಗಳನ್ನೆಲ್ಲ ಒಳಗೆ ತೆಗೆದುಕೊಂಡಿತ್ತು.